ಬಾವಲಿಯ ಕಥೆ ಸಾಕು, ಆ ಎರಡನೆಯ ಆಲ್ಬಮ್ಮಿನ ಮಾತಾಡೋಣ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ‘ಬ್ಲ್ಯಾಕ್ ಸಬ್ಬತ್’ ಎಂಬ ರಾಕ್ ಸಂಗೀತ ತಂಡದ ಗಾಯಕ ಓಜಿ ಆಸ್ಬೋರ್ನ್ ಅವರು 2025ರ ಜುಲೈ 22ರಂದು, 76ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಬಳಿಕ ಕನ್ನಡದಲ್ಲಿ ಅವರ ಬಗ್ಗೆ ನಾನು ಓದಿದ ಬರಹಗಳಲ್ಲಿ ಹೆಚ್ಚಿನವು, 1982ರಲ್ಲಿ ವೇದಿಕೆಯ ಮೇಲೆ ಅವರು ಬಾವಲಿಯ ತಲೆ ಕಚ್ಚಿದ ಪ್ರಸಂಗದಿಂದ ಆರಂಭವಾಗಿ, ಮಾದಕ ವಸ್ತುಗಳ ಚಟವನ್ನು ಹಾದು, ಸೈತಾನನ ಹೆಸರಿನಲ್ಲಿ ಮುಗಿದವು. ಆ ಮನುಷ್ಯ ಹಾಡಿದ್ದೇನು, ಅವರ ಜೊತೆ ನುಡಿಸಿದ ಮೂವರು ಯಾರು, ಅದನ್ನು ಕೇಳಿದವರಿಗೆ ಏನನ್ನಿಸಿತು ಎಂಬುದಕ್ಕೆ ಒಂದು ವಾಕ್ಯದ ಜಾಗವೂ ಸಿಕ್ಕಿರಲಿಲ್ಲ. ಈ ತಂಡವನ್ನು, ಅದರಲ್ಲೂ ಅದರ ಎರಡನೆಯ ಆಲ್ಬಮ್ ‘ಪ್ಯಾರನಾಯ್ಡ್’ ಅನ್ನು ನಲವತ್ತು ವರ್ಷಗಳಿಂದ ಕೇಳುತ್ತ ಬಂದ ನನಗೆ ಇದು ನೋವಿನ ಸಂಗತಿ. ಆದ್ದರಿಂದ ಸ್ವಲ್ಪ ದೀರ್ಘವಾದರೂ ಈ ಪತ್ರಕ್ಕೆ ತಮ್ಮ ಪತ್ರಿಕೆಯಲ್ಲಿ ಜಾಗ ಕೊಡಬೇಕೆಂದು ಕೋರುತ್ತೇನೆ.

ನಾನು ಹೇಳಬೇಕಾದದ್ದು ಒಂದೇ. ‘ಪ್ಯಾರನಾಯ್ಡ್’ ಆಲ್ಬಮ್ ಸೈತಾನನ ಆರಾಧನೆಯೂ ಅಲ್ಲ, ಬರೀ ಗದ್ದಲವೂ ಅಲ್ಲ. ಕಾರ್ಖಾನೆಗಳ ಊರಿನಲ್ಲಿ ಹುಟ್ಟಿ ಬೆಳೆದ ನಾಲ್ವರು ಹುಡುಗರು ಯುದ್ಧ, ಅಣುಬಾಂಬು, ಖಿನ್ನತೆ ಮತ್ತು ವ್ಯಸನಗಳ ಬಗ್ಗೆ ಮಾಡಿದ, ಸುಮಾರು 42 ನಿಮಿಷಗಳ, ಎಂಟು ರಚನೆಗಳ ಕೃತಿ ಅದು. ಈ ಮಾತನ್ನು ಯಾವುದೋ ವಿಮರ್ಶೆ ಓದಿ ಹೇಳುತ್ತಿಲ್ಲ. ಬೆಂಗಳೂರಿನ ಸಾಮಾನ್ಯ ಕೇಳುಗರು ಒಟ್ಟಿಗೆ ಕೂತು, ಕೇಳಿ, ಒಬ್ಬರ ಮಾತಿಗೆ ಒಬ್ಬರು ಎದುರಾಡಿ ಕಂಡುಕೊಂಡದ್ದರ ಆಧಾರದ ಮೇಲೆ ಹೇಳುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು ಹೇಳುವುದು ಅಗತ್ಯ, ಏಕೆಂದರೆ ಅದಕ್ಕೂ ಈ ಆಲ್ಬಮ್ಮಿಗೂ ಸಂಬಂಧವಿದೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಷೀಟ್ ಮೆಟಲ್ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ನಾನು 1982ರಲ್ಲಿ ಕೆಲಸಕ್ಕೆ ಸೇರಿದೆ. ತಗಡಿನ ಹಾಳೆಯನ್ನು ಡೈ ಎಂಬ ಅಚ್ಚಿನ ಮೇಲೆ ಇಟ್ಟು, ಪೆಡಲ್ ಒತ್ತಿ, ಮೇಲಿನಿಂದ ಬೀಳುವ ರಾಮ್ ಎಂಬ ಭಾರದ ಭಾಗ ಅದನ್ನು ಕತ್ತರಿಸಿದ ಕೂಡಲೇ ತುಂಡನ್ನು ಹೊರಗೆಳೆದು ಮುಂದಿನ ಹಾಳೆ ಇಡುವುದು ನನ್ನ ಕೆಲಸ. ಟೂಲ್ ರೂಮಿನಲ್ಲಿ ಫಿಟರ್ ಆಗಿದ್ದ ಗೆಳೆಯರೊಬ್ಬರು ಯಾರದೋ ಎಲ್‌ಪಿ ರೆಕಾರ್ಡಿನಿಂದ 60 ನಿಮಿಷದ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ತಂದಿದ್ದ ‘ಪ್ಯಾರನಾಯ್ಡ್’ ಅನ್ನು ನನಗೆ ಕೊಟ್ಟರು. ಮಾಗಡಿ ರಸ್ತೆಯ ಬಾಡಿಗೆ ಕೋಣೆಯಲ್ಲಿ, ಎರಡನೆಯ ಷಿಫ್ಟ್ ಮುಗಿಸಿ ಬಂದು, ಮನೆ ಮಾಲೀಕರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಅದನ್ನು ಹಾಕಿದೆ. ‘ಐರನ್ ಮ್ಯಾನ್’ ಹಾಡಿನ ಆರಂಭದಲ್ಲಿ ಬೇರೆ ಏನೂ ಇಲ್ಲದೆ ಕೆಳಗಿನ ದೊಡ್ಡ ಡ್ರಮ್ ಮಾತ್ರ ಸಮನಾದ ಅಂತರದಲ್ಲಿ ಬೀಳುತ್ತ ಹೋಗುತ್ತದೆ. ದಿನವಿಡೀ ಅಂಗಾಲಿನಿಂದ ನೆತ್ತಿಯವರೆಗೆ ನಾನು ಅನುಭವಿಸಿ ಬಂದಿದ್ದ ಪೆಟ್ಟು ಅದೇ. ಸಂಗೀತ ಎಂದರೆ ಕಾರ್ಖಾನೆಯನ್ನು ಮರೆಸುವುದು ಎಂದು ಅಲ್ಲಿಯತನಕ ನಂಬಿದ್ದವನಿಗೆ, ಕಾರ್ಖಾನೆಯನ್ನೇ ಒಳಗೆ ಕರೆದು ಕೂರಿಸುವ ಸಂಗೀತವೂ ಇದೆ ಎಂದು ಆ ರಾತ್ರಿ ತಿಳಿಯಿತು.

ಅದು ಕೇವಲ ನನ್ನ ಕಲ್ಪನೆಯಲ್ಲ ಎಂಬುದು ಬಹಳ ವರ್ಷಗಳ ನಂತರ ಗೊತ್ತಾಯಿತು. ಈ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಅವರು ಹದಿನೇಳರ ಹರೆಯದಲ್ಲಿ ಬರ್ಮಿಂಗ್‌ಹ್ಯಾಮಿನ ಷೀಟ್ ಮೆಟಲ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಕೆಲಸ ಬಿಟ್ಟು ಪೂರ್ಣಾವಧಿ ಸಂಗೀತಕ್ಕೆ ಹೋಗುವವರಿದ್ದು, ಅದು ಕಾರ್ಖಾನೆಯಲ್ಲಿ ಅವರ ಕೊನೆಯ ದಿನವಾಗಿತ್ತು. ಆ ದಿನವೇ ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ಮಧ್ಯದ ಬೆರಳು ಮತ್ತು ಉಂಗುರದ ಬೆರಳುಗಳ ತುದಿ ಕತ್ತರಿಸಿಹೋಯಿತು. ಅವರು ಎಡಚರು, ಅಂದರೆ ಗಿಟಾರಿನ ತಂತಿಯನ್ನು ಒತ್ತಿ ಸ್ವರ ಹಿಡಿಯುವ ಕೈ ಬಲಗೈ. ಇನ್ನು ನುಡಿಸುವುದು ಸಾಧ್ಯವಿಲ್ಲ ಎಂದು ಕುಗ್ಗಿ ಕೂತಿದ್ದ ಅವರಿಗೆ ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಜಾಂಗೋ ರೈನ್‌ಹಾರ್ಟ್ ಎಂಬ ಜಾಝ್ ವಾದಕರ ರೆಕಾರ್ಡ್ ಕೇಳಿಸಿ, ಬೆಂಕಿ ಅಪಘಾತದಲ್ಲಿ ಎರಡು ಬೆರಳುಗಳ ಶಕ್ತಿ ಕಳೆದುಕೊಂಡವರು ನುಡಿಸಿದ್ದು ಇದು ಎಂದು ಹೇಳಿದರು. ಅಯೋಮಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳಿನ ಅಳತೆಗೆ ಟೋಪಿಯಂತೆ ಮಾಡಿಕೊಂಡು, ಅದಕ್ಕೆ ಚರ್ಮ ಅಂಟಿಸಿ, ತೆಳುವಾದ ತಂತಿ ಕಟ್ಟಿಕೊಂಡು ಮತ್ತೆ ನುಡಿಸತೊಡಗಿದರು. ‘ಪ್ಯಾರನಾಯ್ಡ್’ ಆಲ್ಬಮ್ಮಿನ ಗಿಟಾರ್ ನುಡಿಸಿದ್ದು ಆ ಚರ್ಮದ ಟೋಪಿಗಳನ್ನು ತೊಟ್ಟ ಕೈಯೇ.

ನಮ್ಮ ಶಾಪಿನಲ್ಲೂ ಅಂಥದ್ದು ನಡೆಯಿತು. ಉತ್ಪಾದನೆ ಹೆಚ್ಚಬೇಕೆಂದು ಪ್ರೆಸ್ಸಿನ ಮುಂದಿನ ರಕ್ಷಣಾ ಜಾಲರಿಯನ್ನು ತೆಗೆಸಿಟ್ಟಿದ್ದರು. ನನ್ನ ಪಕ್ಕದ ಯಂತ್ರದಲ್ಲಿದ್ದ ಹಿರಿಯರ ಬಲಗೈಯ ಎರಡು ಬೆರಳ ತುದಿ ಡೈ ಒಳಗೆ ಉಳಿಯಿತು. ನನಗೆ ಇಂದಿಗೂ ನೆನಪಿರುವುದು ರಕ್ತವಲ್ಲ, ಅವರ ಕೂಗೂ ಅಲ್ಲ, ಪ್ರೆಸ್ಸಿನ ಶಬ್ದ. ತಗಡು ಕತ್ತರಿಸುವಾಗ ಬರುತ್ತಿದ್ದ ಅದೇ ಪೆಟ್ಟು ಆಗಲೂ ಬಂದಿತ್ತು, ಕಿಂಚಿತ್ತೂ ವ್ಯತ್ಯಾಸವಿಲ್ಲದೆ. ಯಾರೋ ಕಾಟನ್ ವೇಸ್ಟಿನಲ್ಲಿ ಅವರ ಕೈ ಸುತ್ತಿ ಆಸ್ಪತ್ರೆಗೆ ಕರೆದೊಯ್ದ ಮೇಲೂ ಗಾಲಿ ತಿರುಗುತ್ತಲೇ ಇತ್ತು. ಆ ಹಿರಿಯರು ಬಡಾವಣೆಯ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಆಮೇಲೆ ಪೆಟ್ಟಿಗೆಯ ಬಳಿಗೆ ಹೋಗಲಿಲ್ಲ. ಅವರಿಗೆ ರೆಕಾರ್ಡ್ ತಂದು ಕೇಳಿಸುವಷ್ಟು ತಿಳಿವಳಿಕೆ ಆಗ ನಮ್ಮಲ್ಲಿ ಯಾರಿಗೂ ಇರಲಿಲ್ಲ ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳಿಂದ ನಾವು ಏಳೆಂಟು ಮಂದಿ ಪ್ರತಿ ತಿಂಗಳ ಎರಡನೆಯ ಭಾನುವಾರ ಸಂಜೆ ಒಬ್ಬರ ಮನೆಯಲ್ಲಿ ಸೇರಿ, ಒಂದು ಆಲ್ಬಮ್ ಅನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಮಾತಾಡದೆ, ಮೊಬೈಲ್ ಮುಟ್ಟದೆ ಕೇಳುತ್ತೇವೆ. ಆಮೇಲೆ ಕಾಫಿ, ಆಮೇಲೆ ಚರ್ಚೆ. ಓಜಿ ಅವರು ತೀರಿಕೊಂಡ ನಂತರ ನಾವು ಸೇರಿದ ಮೊದಲ ಭಾನುವಾರ ‘ಪ್ಯಾರನಾಯ್ಡ್’ ಕೇಳಿದೆವು. ಅಂದು ಆ ಹಾರ್ಮೋನಿಯಂ ವಾದಕರನ್ನೂ, ಈಗ ಅವರಿಗೆ ಎಂಬತ್ತು ದಾಟಿದೆ, ಆಟೋದಲ್ಲಿ ಕರೆತಂದಿದ್ದೆ. ಅಂದು ಹೊರಬಂದ ಅಭಿಪ್ರಾಯಗಳು ಒಂದೇ ತೆರನಾಗಿರಲಿಲ್ಲ, ಆದರೆ ಒಂದೊಂದೂ ಕಿವಿಗೊಟ್ಟು ಕೇಳಿದವರ ಅಭಿಪ್ರಾಯವಾಗಿತ್ತು.

ಹೆಚ್ಚಿನ ಚರ್ಚೆ ನಡೆದದ್ದು ಮೊದಲ ಹಾಡು ‘ವಾರ್ ಪಿಗ್ಸ್’ ಕುರಿತು. ಎಂಟು ನಿಮಿಷಕ್ಕೆ ಒಂದೆರಡು ಕ್ಷಣ ಕಡಿಮೆ ಇರುವ ಈ ಹಾಡು ವೈಮಾನಿಕ ದಾಳಿಯ ಸೈರನ್ನಿನೊಂದಿಗೆ, ತೂಗುವ ನಿಧಾನಗತಿಯಲ್ಲಿ ಆರಂಭವಾಗುತ್ತದೆ. ಮೃದಂಗ ಕಲಿಯುತ್ತಿರುವ ಕಾಲೇಜು ಹುಡುಗಿಯೊಬ್ಬಳು ನಮ್ಮ ಗುಂಪಿನಲ್ಲಿದ್ದಾಳೆ. ಆರಂಭದ ಭಾಗ ಮೂರರ ಎಣಿಕೆಯಲ್ಲಿ, ಅಂದರೆ ನಮ್ಮ ತಿಶ್ರ ನಡೆಯಂತೆ ಸಾಗಿ, ಹಾಡು ಶುರುವಾಗುವ ಹೊತ್ತಿಗೆ ನಾಲ್ಕರ ಎಣಿಕೆಗೆ ತಿರುಗುವುದನ್ನು ಅವಳು ಕೈಯಲ್ಲಿ ತಾಳ ಹಾಕಿ ತೋರಿಸಿದಳು. ಆ ತಿರುವಿನ ನಂತರ ಇನ್ನೂ ದೊಡ್ಡ ವಿಷಯವೊಂದಿದೆ. ಗಿಟಾರ್ ಮತ್ತು ಬೇಸ್ (ಮಂದ್ರ ಸ್ವರದ ಗಿಟಾರ್) ಎರಡು ಪೆಟ್ಟು ಕೊಟ್ಟು ಸುಮ್ಮನಾಗುತ್ತವೆ, ಬಿಲ್ ವಾರ್ಡ್ ಅವರ ಡ್ರಮ್ ಸೆಟ್ಟಿನ ಜೋಡಿ ತಾಳ ಮಾತ್ರ ಕಾಲ ತೋರಿಸುತ್ತಿರುತ್ತದೆ, ಆ ಖಾಲಿ ಜಾಗದಲ್ಲಿ ಓಜಿ ಅವರ ದನಿ ಒಂಟಿಯಾಗಿ ನಿಂತು ಸೇನಾಧಿಪತಿಗಳನ್ನು ದೂರುತ್ತದೆ. ಗದ್ದಲ ಎಂದು ಕರೆಸಿಕೊಳ್ಳುವ ಸಂಗೀತದಲ್ಲಿ ಮೌನಕ್ಕೆ ಇಷ್ಟು ಕೆಲಸ ಕೊಟ್ಟದ್ದನ್ನು ಹೆಚ್ಚು ಜನ ಗಮನಿಸಿಲ್ಲ. ಜೋರಾಗಿ ನುಡಿಸುವುದಕ್ಕಿಂತ ಇದು ಕಷ್ಟ, ನಾಲ್ವರಲ್ಲಿ ಯಾರೊಬ್ಬರು ಒಂದು ಕೂದಲೆಳೆ ಮುಂದಾದರೂ ಇಡೀ ಹಾಡು ಬಿದ್ದುಹೋಗುತ್ತದೆ ಎಂಬುದು ಆ ಹುಡುಗಿಯ ಅಭಿಪ್ರಾಯ.

ಈ ಹಾಡಿನ ಸಾಹಿತ್ಯದ ಮೇಲೆ ಒಂದು ಹಳೆಯ ಆಕ್ಷೇಪವಿದೆ. ಮೊದಲ ಎರಡು ಸಾಲುಗಳ ಕೊನೆಗೆ ‘ಮಾಸಸ್’ ಎಂಬ ಒಂದೇ ಪದವನ್ನು ಪ್ರಾಸಕ್ಕಾಗಿ ಎರಡು ಸಲ ಬಳಸಲಾಗಿದೆ, ಇದು ಬರೆದವರ ಬಡತನ ಎಂದು ಅನೇಕರು ಹೇಳುತ್ತಾರೆ. ನಮ್ಮಲ್ಲೂ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಅದನ್ನೇ ಹೇಳಿದರು. ಅವರಿಗೆ ಉತ್ತರ ಕೊಟ್ಟವರು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದ ಮೇಷ್ಟ್ರು. ಮೊದಲ ಸಾಲಿನಲ್ಲಿ ಆ ಪದಕ್ಕೆ ಗುಂಪು ಎಂಬ ಅರ್ಥ, ಎರಡನೆಯದರಲ್ಲಿ ಇಗರ್ಜಿಯ ಪೂಜಾವಿಧಿಯನ್ನು ತಿರುಚಿ ಮಾಟಗಾರ್ತಿಯರು ಮಾಡುವ ಕರಾಳ ಪೂಜೆ ಎಂಬ ಅರ್ಥ. ಒಂದೇ ಅಕ್ಷರಸಮೂಹ ಬೇರೆ ಬೇರೆ ಅರ್ಥದಲ್ಲಿ ಮರಳಿ ಬಂದರೆ ಅದನ್ನು ನಮ್ಮ ಲಾಕ್ಷಣಿಕರು ಯಮಕ ಎಂದು ಕರೆದು ಅಲಂಕಾರಗಳ ಸಾಲಿನಲ್ಲಿ ಇಟ್ಟಿದ್ದಾರೆ, ಹಾಗಿರುವಾಗ ಬರ್ಮಿಂಗ್‌ಹ್ಯಾಮಿನ ಹುಡುಗ ಮಾಡಿದರೆ ಮಾತ್ರ ಅದು ದೋಷ ಹೇಗಾಗುತ್ತದೆ ಎಂದು ಅವರು ಕೇಳಿದರು. ಸಾಹಿತ್ಯವನ್ನು ಹೆಚ್ಚಾಗಿ ಬರೆದ ಬೇಸ್ ವಾದಕ ಗೀಜರ್ ಬಟ್ಲರ್ ಅವರಿಗೆ ಯಮಕದ ಹೆಸರು ಗೊತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ಯುದ್ಧಕ್ಕೆ ಜನರನ್ನು ಕಳಿಸುವವರ ಸಭೆಯನ್ನೂ ಮಾಟಗಾತಿಯರ ಸಭೆಯನ್ನೂ ಒಂದೇ ಪದದ ಕೆಳಗೆ ತಂದು ನಿಲ್ಲಿಸಿದ್ದು ಅರ್ಥವಿಲ್ಲದೆ ಆದದ್ದಲ್ಲ ಎಂದು ಮೇಷ್ಟ್ರ ಮಾತಿನಿಂದ ನನಗೆ ಖಚಿತವಾಯಿತು. ಸೈತಾನನ ಪ್ರಸ್ತಾಪ ಈ ಹಾಡಿನಲ್ಲಿ ಇರುವುದು ನಿಜ. ಆದರೆ ಅಲ್ಲಿ ಅವನು ಬರುವುದು ಕೊನೆಯ ನ್ಯಾಯತೀರ್ಪಿನ ದಿನ, ಯುದ್ಧ ಮಾಡಿಸಿದವರ ಗತಿಯನ್ನು ಕಂಡು ನಗಲು. ಹಾಡಿದವರು ಅವನನ್ನು ಪೂಜಿಸುತ್ತಿದ್ದಾರೆ ಎಂದು ಹೇಳುವವರು ಹಾಡನ್ನು ಕೊನೆತನಕ ಕೇಳಿಲ್ಲ.

ಆಲ್ಬಮ್ಮಿಗೆ ಮೊದಲು ಇಡಲು ಉದ್ದೇಶಿಸಿದ್ದ ಹೆಸರೂ ‘ವಾರ್ ಪಿಗ್ಸ್’ ಎಂದೇ. ಮುಖಪುಟದಲ್ಲಿ ಕತ್ತಿ, ಗುರಾಣಿ ಹಿಡಿದು ಕತ್ತಲಿನಿಂದ ಜಿಗಿದು ಬರುವ ಮನುಷ್ಯನ ಚಿತ್ರವಿರುವುದು ಆ ಹೆಸರಿಗಾಗಿ. ಆಮೇಲೆ ಹೆಸರು ಬದಲಾಯಿತು, ಚಿತ್ರ ಹಾಗೆಯೇ ಉಳಿಯಿತು. ಹೆಸರು ಕೊಟ್ಟ ಆ ‘ಪ್ಯಾರನಾಯ್ಡ್’ ಹಾಡನ್ನು, ಆಲ್ಬಮ್ಮಿಗೆ ಇನ್ನೂ ಕೆಲವು ನಿಮಿಷ ಬೇಕೆಂದು ಕೊನೆಯಲ್ಲಿ ತರಾತುರಿಯಿಂದ ಕಟ್ಟಿದರು. ಮೂರು ನಿಮಿಷವೂ ಇಲ್ಲದ ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೆ ಏರಿತು.

ಈ ಹಾಡಿನ ಬಗ್ಗೆ ನಮ್ಮಲ್ಲಿ ಅಂದು ಮಾತನಾಡಿದವರು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ದಾದಿಯಾಗಿ ಬಹಳ ವರ್ಷ ದುಡಿದ ಹೆಣ್ಣುಮಗಳು. ಹಾಡಿನ ಸಾಹಿತ್ಯದಲ್ಲಿ ‘ಪ್ಯಾರನಾಯ್ಡ್’ ಎಂಬ ಪದವೇ ಇಲ್ಲ, ಯಾರೋ ತನ್ನ ಬೆನ್ನಟ್ಟಿದ್ದಾರೆಂಬ ಭಯದ ವರ್ಣನೆಯೂ ಇಲ್ಲ, ಇರುವುದು ಏನು ಮಾಡಿದರೂ ಸಂತೋಷವೇ ಹುಟ್ಟದ ಸ್ಥಿತಿ, ಇದು ಖಿನ್ನತೆ ಎಂದು ಅವರು ಒಂದೇ ಸಲ ಕೇಳಿ ಹೇಳಿದರು. ಬಟ್ಲರ್ ಅವರೇ ಮುಂದೆ ಇದನ್ನು ಒಪ್ಪಿಕೊಂಡು, ಆಗ ತನಗೆ ಆ ಎರಡರ ವ್ಯತ್ಯಾಸ ತಿಳಿದಿರಲಿಲ್ಲ ಎಂದಿದ್ದಾರೆ. 1970ರಲ್ಲಿ ದುಡಿಯುವ ವರ್ಗದ ಇಪ್ಪತ್ತು ವರ್ಷದ ಹುಡುಗ ತನ್ನ ಮನಸ್ಸಿನ ಕಾಯಿಲೆಗೆ ಸರಿಯಾದ ಹೆಸರು ಗೊತ್ತಿಲ್ಲದೆಯೂ ಅದನ್ನು ಸರಿಯಾಗಿ ವರ್ಣಿಸಿದ್ದಾನೆ ಎಂಬುದು ನನಗಂತೂ ದೊಡ್ಡ ವಿಷಯ. ಅದೇ ದಾದಿಯವರು ಎರಡನೆಯ ಬದಿಯ ‘ಹ್ಯಾಂಡ್ ಆಫ್ ಡೂಮ್’ ಮುಗಿದಾಗ ಬಹಳ ಹೊತ್ತು ಏನೂ ಹೇಳಲಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳುತ್ತ ಹೆರಾಯಿನ್ ಸೂಜಿಗೆ ಬಿದ್ದ ಅಮೆರಿಕನ್ ಸೈನಿಕರ ಕುರಿತಾದ ಹಾಡು ಅದು. ಬೇಸ್ ಒಂದೇ, ಕಳ್ಳ ಹೆಜ್ಜೆಯಲ್ಲಿ ನಡೆದು ಬಂದಂತೆ ಆರಂಭವಾಗಿ, ಇದ್ದಕ್ಕಿದ್ದಂತೆ ಎಲ್ಲ ವಾದ್ಯಗಳೂ ಮೇಲೆ ಬಿದ್ದು, ಮತ್ತೆ ಬೇಸ್ ಮಾತ್ರ ಉಳಿಯುತ್ತದೆ. ಮಾದಕ ವಸ್ತುವನ್ನು ವೈಭವೀಕರಿಸಿದ ತಂಡ ಎಂದು ಬರೆಯುವವರು ಈ ಏಳು ನಿಮಿಷಗಳನ್ನು ಕೇಳಬೇಕು ಎಂದಷ್ಟೇ ಅವರು ಕೊನೆಗೆ ಅಂದರು. ತಂಡದ ಸದಸ್ಯರು ಮುಂದೆ ಅದೇ ಚಟಗಳಿಗೆ ಬಲಿಯಾದದ್ದು ಸುಳ್ಳಲ್ಲ, ಅದನ್ನು ಮುಚ್ಚಿಡಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಬದುಕಿನ ಆ ಭಾಗ ಗೊತ್ತಿರುವ ಓದುಗನಿಗೆ ಈ ಹಾಡು ಗೊತ್ತಿಲ್ಲದಿದ್ದರೆ ಅರ್ಧ ಸತ್ಯ ಮಾತ್ರ ತಲುಪಿದಂತೆ.

ಮೆಚ್ಚದವರ ಮಾತನ್ನೂ ಬರೆಯಬೇಕು. ಬ್ಯಾಂಕಿನ ಹಿರಿಯರಿಗೆ ‘ರ‍್ಯಾಟ್ ಸಲಾಡ್’ ಎಂಬ ಎರಡೂವರೆ ನಿಮಿಷದ ವಾದ್ಯ ರಚನೆ ಜಾಗ ತುಂಬಿಸಲು ಹಾಕಿದ್ದೆನಿಸಿತು, ಅದನ್ನು ನಾನೂ ಒಪ್ಪುತ್ತೇನೆ. ಅಣುಯುದ್ಧದ ನಂತರದ ಭೂಮಿಯನ್ನು ಕಣ್ಣಿಗೆ ಕಟ್ಟುವ ‘ಎಲೆಕ್ಟ್ರಿಕ್ ಫ್ಯೂನರಲ್’ ಅವರಿಗೆ ತೀರ ಎಳೆದಾಡಿದಂತೆ ಕಂಡಿತು, ಇದನ್ನು ನಾನು ಒಪ್ಪುವುದಿಲ್ಲ. ನನ್ನ ಮಗನ ಆಕ್ಷೇಪ ಇನ್ನೂ ಗಂಭೀರವಾದದ್ದು. ಅವನಿಗೆ ಈ ತಂಡದ ಮೊದಲ ಆಲ್ಬಮ್ಮೇ ದೊಡ್ಡದು. 1970ರ ಫೆಬ್ರುವರಿ 13ರಂದು ಹೊರಬಂದ ಅದನ್ನು ಅವರು ಸುಮಾರು ಒಂದೇ ದಿನದಲ್ಲಿ, ವೇದಿಕೆಯ ಮೇಲೆ ನುಡಿಸಿದಂತೆಯೇ ನುಡಿಸಿ ಮುದ್ರಿಸಿದ್ದರು, ಆ ಮಳೆ, ಆ ಗಂಟೆ, ಆ ಭಯ ಎರಡನೆಯದರಲ್ಲಿ ಇಲ್ಲ, ಇಲ್ಲಿ ಎಲ್ಲವೂ ಹೆಚ್ಚು ಅಚ್ಚುಕಟ್ಟಾಗಿದೆ ಎಂಬುದು ಅವನ ವಾದ. ಎರಡನೆಯ ಆಲ್ಬಮ್ ಮಾಡುವ ಯಾವ ತಂಡಕ್ಕೂ ಈ ಸಂಕಟ ತಪ್ಪಿದ್ದಲ್ಲ. ಮೊದಲನೆಯದರಂತೆ ಮಾಡಿದರೆ ಹೊಸದೇನಿದೆ ಎಂದು ಕೇಳುತ್ತಾರೆ, ಬೇರೆ ಮಾಡಿದರೆ ದಾರಿ ಬಿಟ್ಟರು ಎನ್ನುತ್ತಾರೆ. ಮೊದಲನೆಯದಕ್ಕೆ ವರ್ಷಗಟ್ಟಲೆ ನುಡಿಸಿದ ಹಾಡುಗಳ ಸಂಗ್ರಹ ಇರುತ್ತದೆ, ಎರಡನೆಯದಕ್ಕೆ ಸಿಗುವುದು ಊರೂರು ತಿರುಗುವ ನಡುವಿನ ಕೆಲವು ದಿನ. ಇವರು ಮೊದಲನೆಯದು ಬಂದ ನಾಲ್ಕು ತಿಂಗಳಿಗೆ, ಜೂನ್ ತಿಂಗಳಿನಲ್ಲಿ, ನಿರ್ಮಾಪಕ ರಾಜರ್ ಬೇನ್ ಅವರೊಂದಿಗೆ ಲಂಡನ್ನಿನ ಸ್ಟುಡಿಯೋಗೆ ಮರಳಿದರು, ಸೆಪ್ಟೆಂಬರಿನಲ್ಲಿ ಆಲ್ಬಮ್ ಬ್ರಿಟನ್ನಿನ ಅಂಗಡಿಗಳಲ್ಲಿತ್ತು. ಇಷ್ಟು ಅವಸರದ ನಡುವೆಯೂ ಮೊದಲ ಬದಿಯಲ್ಲಿ ‘ಪ್ಲಾನೆಟ್ ಕ್ಯಾರವಾನ್’ನಂಥ, ಕೈಯಿಂದ ನುಡಿಸುವ ಚರ್ಮವಾದ್ಯದ ಮೆಲುದನಿಯ ಮೇಲೆ, ತಿರುಗುವ ಸ್ಪೀಕರಿನ ಮೂಲಕ ನೀರಿನೊಳಗಿಂದ ಬಂದಂತೆ ಕೇಳುವ ದನಿಯಲ್ಲಿ ಹಾಡಿದ ಶಾಂತವಾದ ಹಾಡೊಂದನ್ನು ಇಡುವ ಧೈರ್ಯ ಅವರಿಗಿತ್ತು. ಮಗನಿಗೆ ಇದನ್ನು ಹೇಳಿದೆ. ಅವನು ತನ್ನ ಅಭಿಪ್ರಾಯ ಬದಲಿಸಲಿಲ್ಲ, ಬದಲಿಸಬೇಕಾಗಿಯೂ ಇಲ್ಲ.

ಆದರೆ ಕೇಳುಗರ ಅಭಿಪ್ರಾಯ ಎಂದರೆ ಬಾಯಿಗೆ ಬಂದದ್ದು ಎಂದಲ್ಲ. ಅಂದು ಒಬ್ಬರು, ಅಯೋಮಿ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದ್ದರಿಂದಲೇ ಈ ಆಲ್ಬಮ್ಮಿಗೆ ಇಷ್ಟು ಭಾರ ಬಂತು ಎಂದರು. ಇದು ಬಹಳ ಜನರ ನಂಬಿಕೆ, ಆದರೆ ತಪ್ಪು. ಶ್ರುತಿ ಇಳಿಸಿದ್ದು 1971ರ ಮೂರನೆಯ ಆಲ್ಬಮ್ಮಿನಲ್ಲಿ. ಎರಡನೆಯದು ಎಲ್ಲರೂ ಬಳಸುವ ಸಾಮಾನ್ಯ ಶ್ರುತಿಯಲ್ಲೇ ಇದೆ, ಭಾರ ಬಂದಿರುವುದು ನುಡಿಸಿದ ರೀತಿಯಿಂದ. ನನ್ನದೇ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ನನ್ನ ಕ್ಯಾಸೆಟ್ಟಿನ ಒಂದೊಂದು ಬದಿಯಲ್ಲೂ ಎಂಟೊಂಬತ್ತು ನಿಮಿಷ ಖಾಲಿ ಉಳಿಯುತ್ತಿತ್ತಾದ್ದರಿಂದ, ತುಂಬಿಸಿಕೊಟ್ಟವರು ಮೊದಲ ಆಲ್ಬಮ್ಮಿನ ಎರಡು ಹಾಡುಗಳನ್ನು ಅಲ್ಲಿ ಸೇರಿಸಿದ್ದರು. ಅವೂ ‘ಪ್ಯಾರನಾಯ್ಡ್’ನವೇ ಎಂದು ಎಷ್ಟೋ ವರ್ಷ ನಂಬಿದ್ದೆ, ಆ ನಂಬಿಕೆಯ ಮೇಲೆ ವಾದವನ್ನೂ ಮಾಡಿದ್ದೆ. ಈಗಿನ ಮಕ್ಕಳು ಮೊಬೈಲಿನಲ್ಲಿ ಹಾಡುಗಳನ್ನು ಕಲಸಿ ಕೇಳುವುದರಿಂದ ಅದೇ ಇನ್ನೊಂದು ರೂಪದಲ್ಲಿ ಆಗುತ್ತಿದೆ. ‘ವಾರ್ ಪಿಗ್ಸ್’ ಕೊನೆಗೆ ಟೇಪನ್ನೇ ಓಡಿಸಿ ಉಸಿರುಗಟ್ಟುವ ವೇಗಕ್ಕೆ ಒಯ್ದು ನಿಲ್ಲಿಸಿದ ಮರುಕ್ಷಣವೇ ‘ಪ್ಯಾರನಾಯ್ಡ್’ ಗಿಟಾರ್ ಚಿಮ್ಮುವುದನ್ನು ಅದೇ ಕ್ರಮದಲ್ಲಿ ಕೇಳದವರು ಈ ಆಲ್ಬಮ್ಮಿನ ಬಗ್ಗೆ ತೀರ್ಪು ಕೊಡುವ ಮುನ್ನ ಒಮ್ಮೆ ಕೇಳಲಿ.

ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ಎಲ್ಲರೂ ಮಾತಾಡಿ ಮುಗಿಸುವತನಕ ಸುಮ್ಮನಿದ್ದರು. ಇಂಗ್ಲಿಷ್ ಹಾಡು ಅವರಿಗೆ ಹೊಸದು, ಒಂದು ಪದವೂ ತಿಳಿದಿರಲಿಲ್ಲ. ನಾನು ಅಯೋಮಿ ಅವರ ಬೆರಳಿನ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ತುದೀಗೆ ಚರ್ಮ ಕಟ್ಕೊಂಡ್ರೆ ತಂತಿ ಎಲ್ಲಿದೆ ಅಂತ ಅವರಿಗೆ ಹೆಂಗಪ್ಪಾ ಗೊತ್ತಾಗುತ್ತೆ?” ಗೊತ್ತಾಗುವುದಿಲ್ಲ, ಸ್ಪರ್ಶವಿಲ್ಲದ್ದರಿಂದ ಅವರು ಕಿವಿಯನ್ನೇ ನಂಬಿ ನುಡಿಸುತ್ತಾರೆ ಎಂದೆ. ಅವರು ತಮ್ಮ ಮೊಂಡು ಬೆರಳುಗಳನ್ನು ಸ್ಟೀಲ್ ಲೋಟದ ಅಂಚಿನ ಮೇಲೆ ಒಂದೊಂದಾಗಿ ಇಟ್ಟು ನೋಡಿಕೊಂಡು, “ಇನ್ನೊಂದ್ಸಲ ಹಾಕಿ ಅದನ್ನ” ಎಂದರು. ಮತ್ತೆ ‘ಐರನ್ ಮ್ಯಾನ್’ ಹಾಕಿದೆವು. ನಾನು ಈ ಆಲ್ಬಮ್ ಕುರಿತು ಓದಿದ, ಕೇಳಿದ ಎಲ್ಲ ಅಭಿಪ್ರಾಯಗಳಿಗಿಂತ ಆ ಪ್ರಶ್ನೆ ನನಗೆ ಹೆಚ್ಚಿನದು.

ಆ ಕಾಲದ ಪ್ರಮುಖ ವಿಮರ್ಶಕರು ಈ ತಂಡವನ್ನು ಒರಟು, ಅಪ್ರಬುದ್ಧ ಎಂದು ತಳ್ಳಿಹಾಕಿದ್ದರು. ಕೇಳುಗರು ಹಾಗೆ ಮಾಡಲಿಲ್ಲ. ‘ಪ್ಯಾರನಾಯ್ಡ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಈ ತಂಡದ ಇನ್ನೊಂದು ಆಲ್ಬಮ್ ಅಲ್ಲಿ ಆ ಸ್ಥಾನಕ್ಕೆ ಬರಲು 2013ರವರೆಗೆ ಕಾಯಬೇಕಾಯಿತು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 1970ರಲ್ಲಿ ಈ ತಂಡದ ಮೊದಲ ಆಲ್ಬಮ್ಮನ್ನು ಕಟುವಾಗಿ ಟೀಕಿಸಿತ್ತು, ಅದೇ ಪತ್ರಿಕೆ 2017ರಲ್ಲಿ ಮೆಟಲ್ ಸಂಗೀತದ ನೂರು ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಎರಡನೆಯ ಆಲ್ಬಮ್ಮನ್ನು ಮೊದಲನೆಯ ಸ್ಥಾನದಲ್ಲಿ ಇರಿಸಿತು. (ನಾವು ಎಂಬತ್ತರ ದಶಕದಲ್ಲಿ ಇದನ್ನೆಲ್ಲ ಹಾರ್ಡ್ ರಾಕ್ ಎಂದೇ ಕರೆಯುತ್ತಿದ್ದೆವು, ಮೆಟಲ್ ಎಂಬ ಹೆಸರು ನಮ್ಮ ಬಾಯಿಗೆ ಬಂದದ್ದು ಆಮೇಲೆ.) ಓಜಿ ಅವರು ಸಾಯುವ ಹದಿನೇಳು ದಿನ ಮೊದಲು, 2025ರ ಜುಲೈ 5ರಂದು, ತಾವು ಬೆಳೆದ ಆಸ್ಟನ್ ಪ್ರದೇಶದ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಆ ನಾಲ್ವರೂ ಕೊನೆಯ ಸಲ ಒಟ್ಟಿಗೆ ನಿಂತರು. ನಡೆಯಲಾಗದ ಓಜಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದರು. ನಾಲ್ಕೂ ಮಂದಿ ಸೇರಿ ನುಡಿಸಿದ್ದು ನಾಲ್ಕು ಹಾಡು, ಅದರಲ್ಲಿ ಮೂರು ಎರಡನೆಯ ಆಲ್ಬಮ್ಮಿನವು, ಕೊನೆಯದು ‘ಪ್ಯಾರನಾಯ್ಡ್’. ಅವರ ಮರಣದ ಸುದ್ದಿಯಲ್ಲಿ ಬಾವಲಿಗೆ ಸಿಕ್ಕ ಜಾಗ ಈ ಸಂಜೆಗೆ ಸಿಗಬೇಕಿತ್ತು. ಅವರು ಹುಡುಗನಾಗಿದ್ದಾಗ ತಾಯಿ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಕಾರಿನ ಹಾರ್ನುಗಳ ಶ್ರುತಿ ಸರಿಪಡಿಸುವ ಕೆಲಸ ಮಾಡಿದ್ದರು, ಕಸಾಯಿಖಾನೆಯಲ್ಲಿ ದುಡಿದಿದ್ದರು ಎಂಬುದನ್ನು ಪೀಣ್ಯದ, ರಾಜಾಜಿನಗರದ ಕಾರ್ಮಿಕ ಓದುಗರಿಗೆ ಯಾರಾದರೂ ಹೇಳಬೇಕಿತ್ತು.

ಇಂಥ ಸಂಗೀತಕ್ಕೆ ಬೆಂಗಳೂರು ಹೊಸದೇನಲ್ಲ. ಬ್ಲ್ಯಾಕ್ ಸಬ್ಬತ್ ಇಲ್ಲಿಗೆ ಬರಲಿಲ್ಲ, ಆದರೆ ಅದರ ದಾರಿಯಲ್ಲಿ ಬೆಳೆದ ಐರನ್ ಮೇಡನ್ 2007ರ ಮಾರ್ಚಿನಲ್ಲಿ, ಮೆಟಾಲಿಕ 2011ರ ಅಕ್ಟೋಬರಿನಲ್ಲಿ ಅರಮನೆ ಮೈದಾನದಲ್ಲಿ ನುಡಿಸಿದವು. ಎರಡಕ್ಕೂ ನಾನು ಹೋಗಿದ್ದೆ. ನನ್ನ ಸುತ್ತ ಕನ್ನಡ ಮಾತಾಡುವ ಹುಡುಗರೇ ತುಂಬಿದ್ದರು, ತುಮಕೂರಿನಿಂದ, ಹಾಸನದಿಂದ ಬಸ್ಸು ಹತ್ತಿ ಬಂದವರಿದ್ದರು. ಮರುದಿನ ಕನ್ನಡದಲ್ಲಿ ನಾನು ಓದಿದ ವರದಿಗಳಲ್ಲಿ ಜನಸಂದಣಿ ಇತ್ತು, ಬಳ್ಳಾರಿ ರಸ್ತೆಯ ವಾಹನ ದಟ್ಟಣೆ ಇತ್ತು, ನುಡಿಸಿದ್ದರ ಬಗ್ಗೆ ಏನೂ ಇರಲಿಲ್ಲ. ಆ ಹುಡುಗರು ತಮ್ಮ ಅಭಿಪ್ರಾಯವನ್ನು ಬರೆಯಬೇಕಾದರೆ ಇಂಗ್ಲಿಷಿನಲ್ಲೇ ಬರೆಯಬೇಕು, ಅಥವಾ ಸುಮ್ಮನಿರಬೇಕು ಎಂಬಂತಾಗಿದೆ. ತಿಶ್ರ ನಡೆ, ಯಮಕ ಎಂಬ ಪದಗಳು ಈ ಸಂಗೀತವನ್ನು ವಿವರಿಸಲು ಎಷ್ಟು ಸಲೀಸಾಗಿ ಒದಗುತ್ತವೆ ಎಂಬುದನ್ನು ಆ ಭಾನುವಾರ ಕಂಡ ಮೇಲೆ, ಕನ್ನಡದಲ್ಲಿ ಇದನ್ನು ಹೇಳಲಾಗದು ಎಂಬ ಮಾತನ್ನು ನಾನು ಒಪ್ಪಲಾರೆ.

ತಮ್ಮ ಭಾನುವಾರದ ಪುರವಣಿಯಲ್ಲಿ ಪುಸ್ತಕ ವಿಮರ್ಶೆಗೆ ಒಂದು ಪುಟ ಮೀಸಲಿದೆ, ಅದನ್ನು ನಾನು ತಪ್ಪದೆ ಓದುತ್ತೇನೆ. ಅದರ ಪಕ್ಕದಲ್ಲಿ ತಿಂಗಳಿಗೊಮ್ಮೆ, ಅರ್ಧ ಕಾಲಮ್ ಆದರೂ ಸರಿ, ಒಂದು ಆಲ್ಬಮ್ಮನ್ನು ಪೂರ್ತಿ ಕೇಳಿದ ಓದುಗರ ಅಭಿಪ್ರಾಯಕ್ಕೆ ಬಿಟ್ಟುಕೊಡಬೇಕೆಂದು ವಿನಂತಿಸುತ್ತೇನೆ. ಅದು ಬರ್ಮಿಂಗ್‌ಹ್ಯಾಮಿನದ್ದೇ ಆಗಬೇಕಿಲ್ಲ, ನಮ್ಮ ಊರಿನ ತಂಡಗಳದ್ದಾದರೆ ಇನ್ನೂ ಸಂತೋಷ. ಮೆಚ್ಚಿದವರ ಪಕ್ಕದಲ್ಲಿ ಮೆಚ್ಚದವರ ಮಾತೂ ಅಚ್ಚಾಗಲಿ.

ಮುಂದಿನ ಎರಡನೆಯ ಭಾನುವಾರ ನಾವು ಇದೇ ತಂಡದ ಮೂರನೆಯ ಆಲ್ಬಮ್ ಕೇಳಲಿದ್ದೇವೆ. ಹಾರ್ಮೋನಿಯಂ ಹಿರಿಯರು ತಾವೂ ಬರುವುದಾಗಿ ಹೇಳಿ ಕಳಿಸಿದ್ದಾರೆ. ಶ್ರುತಿ ಇಳಿಸಿದ್ದು ಅವರ ಕಿವಿಗೆ ಹೇಗೆ ಕೇಳಿತು ಎಂಬುದನ್ನು, ತಾವು ಒಪ್ಪುವುದಾದರೆ, ಅವರ ಮಾತಿನಲ್ಲೇ ಬರೆದು ಕಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೆಸ್ ಶಾಪ್ ಕಾರ್ಮಿಕ,
ರಾಜಾಜಿನಗರ, ಬೆಂಗಳೂರು